ಸೋಲಿಗರ ಕುಲಪದ್ಧತಿ

ಸೋಲಿಗರ ಕುಲಪದ್ಧತಿ ಎಂಬುದು ಕರ್ನಾಟಕದ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಹಾಗೂ ಸುತ್ತಲಿನ ಕಾಡುಗಳಲ್ಲಿ ನೆಲೆಸಿರುವ ಸೋಲಿಗ ಬುಡಕಟ್ಟಿನ ಅಲಿಖಿತ ಸಾಮಾಜಿಕ ಕಟ್ಟುಪಾಡುಗಳ ವ್ಯವಸ್ಥೆ. ವಯಸ್ಕರ ನಡವಳಿಕೆ, ಮದುವೆ, ವಿಚ್ಛೇದನ, ಕಾಡಿನ ಉತ್ಪನ್ನಗಳ ಹಂಚಿಕೆ, ಜಗಳಗಳ ಇತ್ಯರ್ಥ ಮುಂತಾದ ವಿಷಯಗಳು ಇದರ ವ್ಯಾಪ್ತಿಗೆ ಬರುತ್ತವೆ. ಪೋಡಿನ ಯಜಮಾನನ ಮುಂದಾಳತ್ವದಲ್ಲಿ ಸೇರುವ ಕುಲಸಭೆಯು ಈ ಕಟ್ಟುಪಾಡುಗಳನ್ನು ಪಾಲಿಸುವಂತೆ ನೋಡಿಕೊಳ್ಳುತ್ತದೆ. 1970ರ ದಶಕದ ನಂತರ ಕಾಡಿನೊಂದಿಗಿನ ಸಂಬಂಧ ಬದಲಾದುದರಿಂದ ಈ ವ್ಯವಸ್ಥೆ ಸಡಿಲಗೊಂಡಿತು. ಬಡತನ, ಕೂಲಿಗಾಗಿ ವಲಸೆ, ಮದ್ಯಪಾನ ಮೊದಲಾದ ಸಂಕಷ್ಟಗಳು ಇದೇ ಅವಧಿಯಲ್ಲಿ ಹೆಚ್ಚಿದವು. 2006ರ ಅರಣ್ಯ ಹಕ್ಕು ಕಾಯ್ದೆಯ ನಂತರ ಕುಲಸಭೆಯ ಪಕ್ಕದಲ್ಲಿಯೇ ಕಾನೂನಿನ ಮಾನ್ಯತೆಯುಳ್ಳ ಗ್ರಾಮಸಭೆಯೂ ಕೆಲಸ ಮಾಡುತ್ತಿದೆ.

ಸಮುದಾಯದ ಹಿನ್ನೆಲೆ

ಸೋಲಿಗರು ಪರಿಶಿಷ್ಟ ಪಂಗಡಕ್ಕೆ ಸೇರಿದವರು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅವರ ಸಂಖ್ಯೆ 33 ಸಾವಿರಕ್ಕಿಂತ ಹೆಚ್ಚು. ಗಡಿಯಾಚೆ ತಮಿಳುನಾಡಿನ ಈರೋಡ್ ಜಿಲ್ಲೆಯ ಸತ್ಯಮಂಗಲ ಮತ್ತು ಬರಗೂರು ಬೆಟ್ಟಗಳಲ್ಲಿಯೂ ಅವರ ನೆಲೆಗಳಿವೆ. ಅವರಾಡುವ ಸೋಲಿಗ ನುಡಿ ದ್ರಾವಿಡ ಭಾಷಾವರ್ಗಕ್ಕೆ ಸೇರಿದ್ದು, ಕನ್ನಡಕ್ಕೆ ಬಹಳ ಹತ್ತಿರವಾಗಿದೆ. ಸೋಲಿಗರ ವಸತಿಯನ್ನು ಪೋಡು ಎಂದು ಕರೆಯುತ್ತಾರೆ. ತಾವು ಕಾರಯ್ಯನ ಸಂತತಿಯವರು ಎಂಬ ನಂಬಿಕೆ ಅವರಲ್ಲಿದೆ. ಮಲೆ ಮಹದೇಶ್ವರ, ಬಿಳಿಗಿರಿರಂಗ ಇಬ್ಬರನ್ನೂ ಅವರು ಆರಾಧಿಸುತ್ತಾರೆ.

ಹಿಂದೆ ಸೋಲಿಗರು ಕಾಡಿನ ಸಣ್ಣ ತುಣುಕುಗಳನ್ನು ಸವರಿ, ರಾಗಿ, ಅವರೆ, ಸಾಸಿವೆ ಮುಂತಾದವನ್ನು ಬೆರಕೆಯಾಗಿ ಬೆಳೆದು, ಕೆಲವು ವರ್ಷಗಳ ನಂತರ ಆ ನೆಲವನ್ನು ಬೀಡು ಬಿಟ್ಟು ಬೇರೆಡೆಗೆ ಹೋಗುತ್ತಿದ್ದರು. ಜೇನು, ಗೆಡ್ಡೆಗೆಣಸು, ಸೊಪ್ಪು, ನೆಲ್ಲಿಕಾಯಿ, ಸೀಗೆಕಾಯಿ, ಅಂಟುವಾಳ, ಮರಪಾಚಿಗಳ ಸಂಗ್ರಹ ಅವರ ಜೀವನೋಪಾಯದ ಇನ್ನೊಂದು ಆಧಾರವಾಗಿತ್ತು. ಕುಲಪದ್ಧತಿಯ ಅನೇಕ ನಿಯಮಗಳು ಈ ಬದುಕಿನ ಅಗತ್ಯಗಳಿಂದಲೇ ಹುಟ್ಟಿದವು. ಆದ್ದರಿಂದ ಬದುಕಿನ ರೀತಿ ಬದಲಾದಾಗ ನಿಯಮಗಳ ಹಿಡಿತವೂ ಬದಲಾಯಿತು.

ಕುಲಗಳು

ಸೋಲಿಗರಲ್ಲಿ ಮುಖ್ಯವಾಗಿ ಐದಾರು ಕುಲಗಳಿವೆ. ತೆನೇರು, ಸೂರಿಯರು, ಹಾಲೇರು ಮುಂತಾದ ಈ ಹೆಸರುಗಳ ಉಚ್ಚಾರಣೆ ಪೋಡಿನಿಂದ ಪೋಡಿಗೆ ಸ್ವಲ್ಪ ವ್ಯತ್ಯಾಸವಾಗುತ್ತದೆ. ಒಂದೇ ಕುಲದವರು ಪರಸ್ಪರ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಂಬ ಭಾವನೆ ಇರುವುದರಿಂದ ಸ್ವಕುಲದಲ್ಲಿ ಮದುವೆ ನಿಷಿದ್ಧ. ಸಮುದಾಯದ ಅತ್ಯಂತ ಕಟ್ಟುನಿಟ್ಟಿನ ನಿಯಮ ಇದೇ ಆಗಿದೆ. ಬೇರೆ ತಪ್ಪುಗಳಿಗೆ ದಂಡ ತೆತ್ತು ಸಮುದಾಯದೊಳಕ್ಕೆ ಮರಳುವ ಅವಕಾಶವಿದ್ದರೂ, ಸ್ವಕುಲದ ಸಂಬಂಧವನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಕುಲಗಳಿಗೆ ಕಾಡಿನೊಂದಿಗೂ ಸಂಬಂಧವಿದೆ. ಪ್ರತಿ ಕುಲಕ್ಕೂ ಯೆಲ್ಲೆ ಎಂದು ಕರೆಯಲಾಗುವ ಪಾರಂಪರಿಕ ಪ್ರದೇಶವಿದ್ದು, ಅದರಲ್ಲಿ ದೇವರು, ಮಾರಮ್ಮ, ವೀರರು, ಕಲ್ಲುಗುಡಿ ಹಾಗೂ ಅಬ್ಬಿಗಳ ಪೂಜಾಸ್ಥಳಗಳಿರುತ್ತವೆ. ಅಬ್ಬಿ ಎಂದರೆ ನೀರಿನ ನೆಲೆ. ಕಲ್ಲುಗುಡಿಯು ಗತಿಸಿದ ಹಿರಿಯರ ಸ್ಮರಣೆಯ ಸ್ಥಳ. ಇಂತಹ ಸ್ಥಳಗಳಲ್ಲಿ ಮರ ಕಡಿಯುವುದು, ಹೊಲಸು ಮಾಡುವುದು ತಪ್ಪು ಎಂದು ಪರಿಗಣಿಸಲಾಗುತ್ತದೆ. ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗ ಹಿರಿಯರೊಂದಿಗೆ ಸೇರಿ ಬಿಳಿಗಿರಿರಂಗನ ಬೆಟ್ಟದ ಇಂತಹ ಐನೂರರಷ್ಟು ಸ್ಥಳಗಳನ್ನು ನಕ್ಷೆಯಲ್ಲಿ ಗುರುತಿಸಿದ್ದಾರೆ. ಮುಂದೆ ಅರಣ್ಯ ಹಕ್ಕಿನ ಅರ್ಜಿಗಳಿಗೆ ಈ ನಕ್ಷೆ ಆಧಾರವಾಯಿತು.

ಕುಲಸಭೆಯ ರಚನೆ

ಪೋಡಿನ ಮುಖ್ಯಸ್ಥನನ್ನು ಯಜಮಾನ ಎನ್ನುತ್ತಾರೆ. ಪಟ್ಟಗಾರ, ಚಲುವಾದಿ, ಕೋಲುಕಾರ ಎಂಬ ಹುದ್ದೆಗಳೂ ಇವೆ. ಸಭೆಯ ಸುದ್ದಿಯನ್ನು ಮನೆಮನೆಗೆ ಮತ್ತು ನೆರೆಯ ಪೋಡುಗಳಿಗೆ ಮುಟ್ಟಿಸುವುದು ಕೋಲುಕಾರನ ಕೆಲಸ. ಈ ಸ್ಥಾನಗಳು ಸಾಮಾನ್ಯವಾಗಿ ವಂಶಪಾರಂಪರ್ಯವಾಗಿ ಬರುತ್ತವೆ.

ದೂರು ಬಂದಾಗ ಪೋಡಿನ ವಯಸ್ಕರೆಲ್ಲರೂ ಒಂದೆಡೆ ಸೇರುತ್ತಾರೆ. ಎರಡೂ ಕಡೆಯವರ ಮಾತುಗಳನ್ನು ಎಲ್ಲರ ಎದುರಿನಲ್ಲಿಯೇ ಕೇಳಲಾಗುತ್ತದೆ. ಹಿರಿಯರು ಹಿಂದೆ ನಡೆದ ಇಂತಹದೇ ಪ್ರಸಂಗಗಳನ್ನು ನೆನಪಿಸಿ ತೀರ್ಮಾನಕ್ಕೆ ದಾರಿ ಮಾಡಿಕೊಡುತ್ತಾರೆ. ಬರಹವಿಲ್ಲದ ಈ ಪದ್ಧತಿಯಲ್ಲಿ ಹಿರಿಯರ ನೆನಪೇ ದಾಖಲೆ. ಯಜಮಾನನು ಒಬ್ಬನೇ ನಿರ್ಧರಿಸದೆ, ಸಭೆ ಒಪ್ಪಿದ ಮಾತನ್ನು ಕೊನೆಯಲ್ಲಿ ಪ್ರಕಟಿಸುತ್ತಾನೆ.

ವಯಸ್ಕರ ನಡವಳಿಕೆಯ ಕಟ್ಟುಪಾಡುಗಳು

ಮದುವೆ

ಪರಸ್ಪರ ಇಷ್ಟಪಟ್ಟ ಯುವಕ ಯುವತಿಯರು ಕಾಡಿಗೆ ಓಡಿಹೋಗಿ, ಕೆಲವು ದಿನಗಳ ನಂತರ ಮರಳಿ, ಕುಲಸಭೆಯ ಮುಂದೆ ನಿಂತು, ಸಣ್ಣ ಮೊತ್ತದ ದಂಡ ತೆತ್ತು ದಂಪತಿಗಳೆಂದು ಒಪ್ಪಿಗೆ ಪಡೆಯುವುದು ಸೋಲಿಗರಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಹೆಣ್ಣಿನ ಮನೆಗೆ ಗಂಡಿನ ಕಡೆಯವರು ತೆರ ಕೊಡುವ ಪದ್ಧತಿಯಿತ್ತು. ವರದಕ್ಷಿಣೆ ಈ ಸಮುದಾಯದ ಸಂಪ್ರದಾಯವಲ್ಲ. ಗಂಡ ಹೆಂಡತಿ ಹೊಂದಿಕೊಳ್ಳದಿದ್ದರೆ ಸಭೆಯ ಎದುರು ಬೇರೆಯಾಗಬಹುದು. ವಿಧವೆಯರಿಗೂ ಬಿಟ್ಟುಬಂದ ಹೆಂಗಸರಿಗೂ ಮರುಮದುವೆಗೆ ಅಡ್ಡಿಯಿಲ್ಲ.

ಬಿಳಿಗಿರಿರಂಗನು ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮೆಚ್ಚಿ ಮದುವೆಯಾದ ಕಥೆ ಈ ಭಾಗದ ಜನಪದದಲ್ಲಿ ಪ್ರಸಿದ್ಧವಾಗಿದೆ. ಇದರಿಂದಾಗಿ ಸೋಲಿಗರು ರಂಗನಾಥನನ್ನು ಭಾವ ಎಂದೇ ಕರೆಯುತ್ತಾರೆ. ದೇವರನ್ನೂ ಅಳಿಯತನದ ನಂಟಿನೊಳಗೆ ತಂದಿರುವ ಈ ಕಥೆಯು, ಇಷ್ಟಪಟ್ಟು ಕೂಡಿದವರನ್ನು ಹೊರಗಿಡದೆ ಒಳಗೆ ಸೇರಿಸಿಕೊಳ್ಳುವ ಸಮುದಾಯದ ಮನೋಧರ್ಮಕ್ಕೆ ಹೊಂದಿಕೆಯಾಗಿದೆ.

ಕಾಡಿನ ಬಳಕೆ ಮತ್ತು ಹಂಚಿಕೆ

ಜೇನು ಕೀಳುವಾಗ ಇಡೀ ಹುಟ್ಟನ್ನು ತೆಗೆಯದೆ ಸ್ವಲ್ಪ ಭಾಗವನ್ನು ಹುಳುಗಳಿಗೆ ಬಿಡಬೇಕು ಎಂಬುದು ನಿಯಮ. ಮರ ಹತ್ತಲಾರದ ಹುಲಿಗೂ ಒಂದು ಪಾಲನ್ನು ನೆಲದ ಮೇಲೆ ಇಡುವ ರೂಢಿಯಿದೆ. ಗೆಡ್ಡೆ ಅಗೆದವರು ಅದರ ತುದಿಯನ್ನು ಮತ್ತೆ ಮಣ್ಣಿನಲ್ಲಿ ಹೂಳಿ ಬರುತ್ತಾರೆ. ನೆಲ್ಲಿಕಾಯಿ ಕೊಯ್ಯುವಾಗ ಮರದಲ್ಲಿ ಕೆಲವು ಕಾಯಿಗಳನ್ನು ಉಳಿಸಬೇಕು. ಒಟ್ಟಾಗಿ ಸಂಗ್ರಹಕ್ಕೆ ಹೋದವರಲ್ಲಿ ಮರ ಹತ್ತಿದವನಿಗೂ ಕೆಳಗೆ ನಿಂತವನಿಗೂ ಪಾಲು ಸಲ್ಲುತ್ತದೆ. ಪೋಡಿನ ವೃದ್ಧರನ್ನೂ ಕೈಲಾಗದವರನ್ನೂ ಹಂಚಿಕೆಯಲ್ಲಿ ಮರೆಯುವಂತಿಲ್ಲ. ಹೊಸ ರಾಗಿ ಬಂದಾಗ ಆಚರಿಸುವ ರೊಟ್ಟಿಹಬ್ಬದಲ್ಲಿ ಎಲ್ಲ ಮನೆಗಳ ರಾಗಿಯನ್ನು ಒಂದೆಡೆ ಸೇರಿಸಿ, ರೊಟ್ಟಿ ಮಾಡಿ, ದೇವರಿಗೆ ಅರ್ಪಿಸಿ ಹಂಚಿಕೊಳ್ಳುತ್ತಾರೆ. ಈ ಸಂದರ್ಭದಲ್ಲಿ ಗೊರುಕನ ಹಾಡು ಮತ್ತು ಕುಣಿತ ನಡೆಯುತ್ತದೆ.

ತಪ್ಪು ಮತ್ತು ದಂಡನೆ

ಕಳ್ಳತನ, ಹೊಡೆದಾಟ, ಹೆಂಡತಿಯನ್ನು ನಿರ್ಲಕ್ಷಿಸುವುದು, ಅನೈತಿಕ ಸಂಬಂಧ, ಹಿರಿಯರನ್ನು ಅವಮಾನಿಸುವುದು ಮುಂತಾದವು ಕುಲಸಭೆಯ ಮುಂದೆ ಬರುವ ದೂರುಗಳು. ದಂಡನೆಯು ಸಾಮಾನ್ಯವಾಗಿ ಹಣದ ರೂಪದಲ್ಲಿರುತ್ತದೆ ಅಥವಾ ತಪ್ಪಿತಸ್ಥನು ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳಬೇಕಾಗುತ್ತದೆ. ಅತಿ ಗಂಭೀರ ಪ್ರಸಂಗಗಳಲ್ಲಿ ಮಾತ್ರ ಬಹಿಷ್ಕಾರ ಹಾಕಲಾಗುತ್ತಿತ್ತು. ಒಬ್ಬರನ್ನೊಬ್ಬರು ನಂಬಿ ಬದುಕಬೇಕಾದ ಕಾಡಿನ ಸಣ್ಣ ವಸತಿಯಲ್ಲಿ ಒಬ್ಬ ವಯಸ್ಕನನ್ನು ಕಳೆದುಕೊಳ್ಳುವುದು ಇಡೀ ಪೋಡಿಗೆ ನಷ್ಟ. ಆದ್ದರಿಂದ ತಪ್ಪು ಮಾಡಿದವನನ್ನು ಮತ್ತೆ ಕೂಡಿಸಿಕೊಳ್ಳುವುದೇ ದಂಡನೆಯ ಉದ್ದೇಶವಾಗಿರುತ್ತದೆ.

ಸಾಮಾಜಿಕ ಸಂಕಷ್ಟಗಳು

ಕಾಡಿನಿಂದ ದೂರವಾದುದು

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಿತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ನಂತರ ಅದನ್ನು ಸುಮಾರು 540 ಚದರ ಕಿ.ಮೀ.ಗೆ ವಿಸ್ತರಿಸಲಾಯಿತು. ಬೇಟೆ ಮತ್ತು ಸ್ಥಳಾಂತರ ಬೇಸಾಯ ನಿಂತವು. ಚದುರಿದ್ದ ಪೋಡುಗಳ ಜನರನ್ನು ರಸ್ತೆಯ ಬದಿಯ ಕಾಲೋನಿಗಳಿಗೆ ತರಲಾಯಿತು. ಹೀಗೆ ಬೇರೆ ಬೇರೆ ಪೋಡುಗಳ ಕುಟುಂಬಗಳು ಒಂದೇ ಕಡೆ ಸೇರಿದಾಗ ಯಾವ ಯಜಮಾನನ ಮಾತು ನಡೆಯಬೇಕು ಎಂಬ ಪ್ರಶ್ನೆ ಎದುರಾಯಿತು.

ಬೇಸಿಗೆಯ ಆರಂಭದಲ್ಲಿ ಒಣ ಎಲೆಗಳಿಗೆ ಹಚ್ಚುತ್ತಿದ್ದ ತರಗು ಬೆಂಕಿಯನ್ನೂ ನಿಷೇಧಿಸಲಾಯಿತು. ಈ ಸಣ್ಣ ಬೆಂಕಿಯು ಕಳೆಗಿಡಗಳನ್ನು ಹತೋಟಿಯಲ್ಲಿಡುತ್ತಿತ್ತು, ಅದು ನಿಂತ ಮೇಲೆ ಲಂಟಾನ ಹಬ್ಬಿ ದೊಡ್ಡ ಕಾಳ್ಗಿಚ್ಚಿಗೆ ದಾರಿಯಾಯಿತು ಎಂಬುದು ಸೋಲಿಗ ಹಿರಿಯರ ವಾದ. 1997 ಮತ್ತು 2008ರ ನಡುವೆ ಬೆಟ್ಟದಲ್ಲಿ ಲಂಟಾನ ಹರಡುವಿಕೆ ಸುಮಾರು ದುಪ್ಪಟ್ಟಾಗಿರುವುದನ್ನು ಸಂಶೋಧಕರು ದಾಖಲಿಸಿದ್ದಾರೆ.

ಬೇಸಾಯ ನಿಂತ ಮೇಲೆ ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ಕಿರು ಅರಣ್ಯ ಉತ್ಪನ್ನಗಳ ಮಾರಾಟವೇ ಮುಖ್ಯ ಆದಾಯವಾಯಿತು. 1990ರ ದಶಕದ ಅಧ್ಯಯನಗಳಲ್ಲಿ ಕುಟುಂಬದ ಆದಾಯದ ಅರ್ಧದಷ್ಟು ಇದರಿಂದ ಬರುತ್ತಿದ್ದುದು ಕಂಡುಬಂದಿದೆ. 2006ರಲ್ಲಿ ವನ್ಯಜೀವಿಧಾಮದೊಳಗೆ ಮಾರಾಟಕ್ಕಾಗಿ ಸಂಗ್ರಹಿಸುವುದನ್ನು ತಡೆದಾಗ ಈ ಆದಾಯವೂ ನಿಂತಿತು. ಅನೇಕರು ಸ್ಥಳೀಯ ಕಾಫಿ ತೋಟಗಳಿಗೂ ಕೊಡಗಿನ ತೋಟಗಳಿಗೂ ಕೂಲಿಗೆ ಹೋಗತೊಡಗಿದರು. ಹಂಚಿಕೆಯ ನಿಯಮಗಳು ಕಾಡಿನ ಉತ್ಪನ್ನಗಳಿಗೆ ಅನ್ವಯಿಸುತ್ತಿದ್ದವೇ ಹೊರತು ದಿನಗೂಲಿಗೆ ಅಲ್ಲ. ತೋಟದಲ್ಲಿ ದುಡಿದ ಹಣ ದುಡಿದವನ ಜೇಬಿನಲ್ಲಿಯೇ ಉಳಿಯುವುದರಿಂದ ವೃದ್ಧರ ಪಾಲು ಕುಟುಂಬದವರ ಮನಸ್ಸಿಗೆ ಬಿಟ್ಟ ವಿಷಯವಾಯಿತು.

ವೀರಪ್ಪನ್ ಕಾರ್ಯಾಚರಣೆಯ ಕಾಲ

1990ರ ದಶಕದಲ್ಲಿ ಕಾಡುಗಳ್ಳ ವೀರಪ್ಪನ್ ಪತ್ತೆಗಾಗಿ ಕರ್ನಾಟಕ ಮತ್ತು ತಮಿಳುನಾಡು ಸರ್ಕಾರಗಳು ವಿಶೇಷ ಕಾರ್ಯಪಡೆಗಳನ್ನು ರಚಿಸಿದ್ದವು. ಕಾಡಿನ ಅಂಚಿನ ಹಳ್ಳಿಗಳ ಜನ ಮತ್ತು ಸೋಲಿಗರು ಒಂದು ಕಡೆ ವೀರಪ್ಪನ್ ತಂಡಕ್ಕೂ ಇನ್ನೊಂದು ಕಡೆ ಕಾರ್ಯಪಡೆಗೂ ಹೆದರಿ ಬದುಕಬೇಕಾಯಿತು. ಅಕ್ರಮ ಬಂಧನ ಮತ್ತು ಹಿಂಸೆಯ ದೂರುಗಳ ವಿಚಾರಣೆಗಾಗಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. ಸಮಿತಿಯ ವರದಿಯ ಆಧಾರದ ಮೇಲೆ 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ನೀಡುವಂತೆ ಆಯೋಗ ಸೂಚಿಸಿತು. 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಹತನಾಗುವವರೆಗೂ ಕಾಡಿನಲ್ಲಿ ಮುಕ್ತವಾಗಿ ಓಡಾಡುವುದು ಅಪಾಯಕರವಾಗಿತ್ತು.

ಮದ್ಯಪಾನ ಮತ್ತು ಸಾಲ

ಹಬ್ಬ ಮತ್ತು ವಿಧಿಗಳ ಸಂದರ್ಭದ ಕುಡಿತಕ್ಕೆ ಸಮುದಾಯದಲ್ಲಿ ಮಿತಿಯಿತ್ತು. ಕೂಲಿಯ ಹಣ ಕೈಗೆ ಬಂದ ಮೇಲೆ, ಅಂಗಡಿಯ ಮದ್ಯ ಪೋಡಿನ ಹತ್ತಿರಕ್ಕೇ ಬಂದ ಮೇಲೆ ಈ ಮಿತಿ ಉಳಿಯಲಿಲ್ಲ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟವನ್ನು ನಿಷೇಧಿಸಲಾಯಿತಾದರೂ, ಅಗ್ಗದ ಮದ್ಯದ ಪೊಟ್ಟಣಗಳು ಅದರ ಸ್ಥಾನವನ್ನು ತುಂಬಿದವು. ಪೋಡುಗಳಲ್ಲಿ ಮದ್ಯದ ಅಕ್ರಮ ಮಾರಾಟವನ್ನು ನಿಲ್ಲಿಸುವಂತೆ ಒತ್ತಾಯಿಸುವವರಲ್ಲಿ ಹೆಂಗಸರೇ ಮುಂದಿದ್ದಾರೆ. ಕುಡಿತ, ಕಾಯಿಲೆ, ತೋಟದ ಮೇಸ್ತ್ರಿಯಿಂದ ಪಡೆದ ಮುಂಗಡ ಹಣ ಇವೆಲ್ಲ ಸೇರಿ ಸಾಲದ ಸುಳಿಯನ್ನು ಸೃಷ್ಟಿಸುತ್ತವೆ. ಕುಡಿದು ಗಲಾಟೆ ಮಾಡಿದವನಿಗೆ ಕುಲಸಭೆ ದಂಡ ಹಾಕಬಲ್ಲದು. ಆದರೆ ಮದ್ಯ ಮಾರುವವನು ಹೊರಗಿನವನಾದರೆ ಅವನ ಮೇಲೆ ಸಭೆಗೆ ಅಧಿಕಾರವಿಲ್ಲ. ಪಾರಂಪರಿಕ ವ್ಯವಸ್ಥೆಯ ಮುಖ್ಯ ದೌರ್ಬಲ್ಯ ಇಲ್ಲಿ ಕಾಣುತ್ತದೆ.

ಆರೋಗ್ಯ ಮತ್ತು ಶಿಕ್ಷಣ

ರಕ್ತಹೀನತೆ, ಅಪೌಷ್ಟಿಕತೆ ಮತ್ತು ವಂಶವಾಹಿಯಾಗಿ ಬರುವ ಕುಡಗೋಲು ಕಣ ರಕ್ತಹೀನತೆ ಈ ಭಾಗದ ಬುಡಕಟ್ಟುಗಳ ಪ್ರಮುಖ ಆರೋಗ್ಯ ಸಮಸ್ಯೆಗಳಾಗಿವೆ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಆಸ್ಪತ್ರೆ, ಶಾಲೆ ಮತ್ತು ವೃತ್ತಿ ತರಬೇತಿಗಳ ಮೂಲಕ ಈ ಸಂಸ್ಥೆ ಕೆಲಸ ಮಾಡುತ್ತಿದೆ. ಈ ಸೇವೆಗಾಗಿ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ದೊರೆಯಿತು. ಸೋಲಿಗ ಸಮುದಾಯದಿಂದ ಬಂದ ಸಿ. ಮಾದೇಗೌಡ ಅವರಂತಹ ಸಂಶೋಧಕರು ಈಗ ತಮ್ಮ ಸಮುದಾಯದ ಜ್ಞಾನವನ್ನು ತಾವೇ ದಾಖಲಿಸುತ್ತಿದ್ದಾರೆ.

ಕಾನೂನಿನ ನೆಲೆ

ಭಾರತ ಸಂವಿಧಾನದ 13ನೆಯ ವಿಧಿಯ ಪ್ರಕಾರ ಕಾನೂನಿನ ಬಲವುಳ್ಳ ರೂಢಿಯೂ ಕಾನೂನೇ. ಆದರೆ ಅದು ಮೂಲಭೂತ ಹಕ್ಕುಗಳಿಗೆ ವಿರುದ್ಧವಾಗಿದ್ದರೆ ಅಸಿಂಧುವಾಗುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯು ಕೇಂದ್ರ ಸರ್ಕಾರ ಪ್ರತ್ಯೇಕವಾಗಿ ಅಧಿಸೂಚನೆ ಹೊರಡಿಸದ ಹೊರತು ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದಿಲ್ಲ. ಹೀಗಾಗಿ ಮದುವೆ ಮತ್ತು ವಿಚ್ಛೇದನಗಳಲ್ಲಿ ಕುಲದ ರೂಢಿಗೆ ಸ್ಥಾನವಿದೆ.

ಅದೇ ವೇಳೆಗೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಮತ್ತು 2012ರ ಪೋಕ್ಸೋ ಕಾಯ್ದೆ ಎಲ್ಲರಿಗೂ ಅನ್ವಯಿಸುತ್ತವೆ. ಮೈನೆರೆದ ಮೇಲೆ, ದುಡಿಯುವ ಶಕ್ತಿ ಬಂದ ಮೇಲೆ ವಯಸ್ಕರಾದರೆಂದು ರೂಢಿ ಎಣಿಸುತ್ತಿತ್ತು. ಕಾನೂನು ಹೆಣ್ಣಿಗೆ 18, ಗಂಡಿಗೆ 21 ವರ್ಷವನ್ನು ಮದುವೆಯ ವಯಸ್ಸೆಂದು ನಿಗದಿಪಡಿಸಿದೆ. ಇದಕ್ಕಿಂತ ಮೊದಲೇ ನಡೆಯುವ ಮದುವೆಗಳಿಂದ ಹೆಣ್ಣುಮಕ್ಕಳ ಶಿಕ್ಷಣ ಮತ್ತು ಆರೋಗ್ಯಕ್ಕೆ ಹಾನಿಯಾಗುತ್ತದೆ. ಕುಲಸಭೆ ಒಪ್ಪಿದರೂ ಇಂತಹ ಪ್ರಕರಣಗಳು ಕಾನೂನಿನ ದೃಷ್ಟಿಯಲ್ಲಿ ಅಪರಾಧವೇ ಆಗುತ್ತವೆ.

ಕರ್ನಾಟಕದಲ್ಲಿ ಸಂವಿಧಾನದ ಐದನೆಯ ಅನುಸೂಚಿಯ ಪ್ರದೇಶಗಳಿಲ್ಲ. ಆದ್ದರಿಂದ ಬುಡಕಟ್ಟು ಪ್ರದೇಶಗಳ ಗ್ರಾಮಸಭೆಗಳಿಗೆ ಮದ್ಯ ನಿಯಂತ್ರಣದ ಅಧಿಕಾರವನ್ನೂ ಒದಗಿಸುವ 1996ರ ಪೆಸಾ ಕಾಯ್ದೆ ಇಲ್ಲಿ ಜಾರಿಯಲ್ಲಿಲ್ಲ. ಈ ಕೊರತೆಯನ್ನು ಭಾಗಶಃ ತುಂಬಿದುದು ಅರಣ್ಯ ಹಕ್ಕು ಕಾಯ್ದೆ. 2011ರ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದಾಗ ತೆರವಿನ ಭೀತಿ ಉಂಟಾಗಿತ್ತು. ಸೋಲಿಗ ಅಭಿವೃದ್ಧಿ ಸಂಘದ ಹೋರಾಟದ ಫಲವಾಗಿ ಅದೇ ವರ್ಷದ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳನ್ನು ವಿತರಿಸಲಾಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂತಹ ಹಕ್ಕುಗಳನ್ನು ಮಾನ್ಯ ಮಾಡಿದ್ದು ದೇಶದಲ್ಲಿ ಇದೇ ಮೊದಲು.

ಇತರ ಸಮುದಾಯಗಳೊಂದಿಗೆ ಹೋಲಿಕೆ

ನಾಗರಹೊಳೆ ಸುತ್ತಲಿನ ಜೇನುಕುರುಬರಲ್ಲಿಯೂ ಯಜಮಾನನ ನೇತೃತ್ವದ ಹಾಡಿ ವ್ಯವಸ್ಥೆಯಿದೆ. ಹುಲಿ ಯೋಜನೆ ಮತ್ತು ರಾಷ್ಟ್ರೀಯ ಉದ್ಯಾನದ ಕಾರಣದಿಂದ ಅಲ್ಲಿನ ಆದಿವಾಸಿಗಳು ಹಾಡಿ ತೊರೆಯಬೇಕಾಯಿತು. ಕರ್ನಾಟಕ ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ನೇತೃತ್ವದ ಸಮಿತಿಯು 3,418 ಕುಟುಂಬಗಳು ನಿರ್ವಸಿತವಾದುದನ್ನು 2014ರ ವರದಿಯಲ್ಲಿ ದಾಖಲಿಸಿತು. ಕೊಡಗಿನ ತೋಟಗಳ ಲೈನ್‌ಮನೆಗಳಲ್ಲಿ ವಾಸಿಸುವವರಿಗೆ ಹಾಡಿಯ ಯಜಮಾನನಿಗಿಂತ ತೋಟದ ಮಾಲೀಕನ ಮಾತೇ ದೊಡ್ಡದಾಗುತ್ತದೆ. ದಕ್ಷಿಣ ಕೊಡಗಿನ ದೇವರಪುರದಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ ನಡೆಯುವ ಕುಂಡೆಹಬ್ಬದಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ವೇಷ ಹಾಕಿ, ಬೈಗುಳದ ಹಾಡು ಹಾಡುತ್ತಾ, ದೇವರನ್ನೂ ಉಳ್ಳವರನ್ನೂ ನಿಂದಿಸುವ ಸ್ವಾತಂತ್ರ್ಯ ಪಡೆಯುತ್ತಾರೆ. ವರ್ಷವಿಡೀ ತಗ್ಗಿ ನಡೆಯುವವರಿಗೆ ಆ ದಿನ ಎಲ್ಲೆ ಮೀರಲು ಸಮಾಜವೇ ಅನುಮತಿ ನೀಡಿರುತ್ತದೆ.

ಕರಾವಳಿಯ ಕೊರಗರ ಪ್ರಸಂಗ ಇದಕ್ಕೆ ವ್ಯತಿರಿಕ್ತವಾದುದು. ಉಗುರು, ಕೂದಲು ಬೆರೆಸಿದ ಅನ್ನವನ್ನು ತಿನ್ನಿಸುವಂತಹ ಅಜಲು ಪದ್ಧತಿಯನ್ನು ಅವರ ಮೇಲೆ ಹೇರಿದವರು ಮೇಲ್ಜಾತಿಗಳವರು. ಕರ್ನಾಟಕ ಸರ್ಕಾರವು 2000ದಲ್ಲಿ ಪ್ರತ್ಯೇಕ ಕಾಯ್ದೆಯ ಮೂಲಕ ಇದನ್ನು ನಿಷೇಧಿಸಿತು. ಸಮುದಾಯ ತಾನೇ ರೂಪಿಸಿಕೊಂಡ ಕಟ್ಟುಪಾಡಿಗೂ ಹೊರಗಿನವರು ಹೇರಿದ ರೂಢಿಗೂ ಇರುವ ಅಂತರವನ್ನು ಈ ಉದಾಹರಣೆ ಸ್ಪಷ್ಟಪಡಿಸುತ್ತದೆ.

ಹೊರದೇಶಗಳಲ್ಲಿಯೂ ಇದೇ ಪ್ರಶ್ನೆ ಚರ್ಚೆಯಲ್ಲಿದೆ. ಆಸ್ಟ್ರೇಲಿಯಾ ಸರ್ಕಾರ 2007ರಲ್ಲಿ ಉತ್ತರ ಪ್ರಾಂತ್ಯದ ಮೂಲನಿವಾಸಿ ವಸತಿಗಳಲ್ಲಿ ಮದ್ಯ ನಿಷೇಧ, ಸಹಾಯಧನದ ವೆಚ್ಚದ ಮೇಲೆ ನಿಯಂತ್ರಣ ಮುಂತಾದ ಕ್ರಮಗಳನ್ನು ಜಾರಿಗೊಳಿಸಿತು. ಇದಕ್ಕಾಗಿ ಜನಾಂಗೀಯ ತಾರತಮ್ಯ ತಡೆ ಕಾಯ್ದೆಯನ್ನೇ ಭಾಗಶಃ ಅಮಾನತಿನಲ್ಲಿಟ್ಟಿದ್ದರಿಂದ ತೀವ್ರ ಟೀಕೆ ಎದುರಾಯಿತು. ಅದೇ ವರ್ಷ ವಿಶ್ವಸಂಸ್ಥೆ ಅಂಗೀಕರಿಸಿದ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯ 34ನೆಯ ವಿಧಿಯು, ಮಾನವ ಹಕ್ಕುಗಳ ಮಾನದಂಡಗಳಿಗೆ ಅನುಗುಣವಾಗಿ ತಮ್ಮ ಸಂಸ್ಥೆಗಳನ್ನೂ ನ್ಯಾಯಪದ್ಧತಿಗಳನ್ನೂ ಉಳಿಸಿಕೊಳ್ಳುವ ಹಕ್ಕು ಮೂಲನಿವಾಸಿಗಳಿಗಿದೆ ಎಂದು ಹೇಳುತ್ತದೆ.

ವಿಮರ್ಶೆ

ಕುಲಪದ್ಧತಿಯ ವಿರುದ್ಧದ ಮುಖ್ಯ ಆಕ್ಷೇಪ ಮಹಿಳೆಯರ ಸ್ಥಾನಕ್ಕೆ ಸಂಬಂಧಿಸಿದ್ದು. ಮದುವೆ ಮತ್ತು ವಿಚ್ಛೇದನಗಳಲ್ಲಿ ಹೆಣ್ಣಿಗೆ ಸಾಕಷ್ಟು ಸ್ವಾತಂತ್ರ್ಯವಿದ್ದರೂ ಯಜಮಾನ, ಕೋಲುಕಾರ ಮುಂತಾದ ಸ್ಥಾನಗಳು ಗಂಡಸರಿಗೇ ಮೀಸಲಾಗಿವೆ. ಕುಡಿದ ಗಂಡನ ಹೊಡೆತದ ಬಗ್ಗೆ ದೂರು ಹೇಳುವ ಹೆಂಗಸು ತೀರ್ಪು ಪಡೆಯಬೇಕಾದುದು ಗಂಡಸರಿಂದಲೇ. ಸಣ್ಣ ದಂಡದ ನಂತರ ರಾಜಿ ಮಾಡಿಸುವ ಪದ್ಧತಿಯು ಜಗಳಗಳಿಗೆ ಒಪ್ಪುವಂತಹುದಾದರೂ ಹಿಂಸೆಯ ಪ್ರಕರಣಗಳಿಗೆ ಸಾಲದು. ಇದಕ್ಕೆ ಪ್ರತಿಯಾಗಿ, ಪೊಲೀಸ್ ಠಾಣೆ ಮತ್ತು ನ್ಯಾಯಾಲಯ ಹತ್ತಾರು ಮೈಲಿ ದೂರದಲ್ಲಿರುವಾಗ ಖರ್ಚಿಲ್ಲದೆ, ತಮ್ಮದೇ ನುಡಿಯಲ್ಲಿ, ಅದೇ ದಿನ ದೂರು ಕೇಳುವ ಇನ್ನೊಂದು ವ್ಯವಸ್ಥೆ ಇಲ್ಲ ಎಂಬ ಸಮರ್ಥನೆಯೂ ಇದೆ.

ಸಂಕಷ್ಟಗಳಿಗೆ ಬುಡಕಟ್ಟು ಜನರ ನಡತೆಯೇ ಕಾರಣ ಎಂಬ ಹೊರಗಿನವರ ಸಾಮಾನ್ಯ ಅಭಿಪ್ರಾಯವನ್ನು ಮೇಲಿನ ಘಟನಾವಳಿ ಸಮರ್ಥಿಸುವುದಿಲ್ಲ. ಬೇಸಾಯ, ಸಂಗ್ರಹ ಮತ್ತು ವಸತಿಗಳು ಒಂದರ ನಂತರ ಒಂದು ಕೈತಪ್ಪಿದ ಅವಧಿಯಲ್ಲಿಯೇ ಕುಡಿತ ಮತ್ತು ಸಾಲ ಹೆಚ್ಚಿದವು. ಕಟ್ಟುಪಾಡು ನಿಂತಿದ್ದ ನೆಲವನ್ನು ತೆಗೆದ ಮೇಲೆ ಕಟ್ಟುಪಾಡು ಮಾತ್ರ ಉಳಿಯಬೇಕೆಂದು ನಿರೀಕ್ಷಿಸುವುದು ಕಷ್ಟ.

ಇಂದಿನ ಸ್ಥಿತಿ

ಇಂದು ಅನೇಕ ಪೋಡುಗಳಲ್ಲಿ ಕುಲಸಭೆ ಮತ್ತು ಗ್ರಾಮಸಭೆ ಎರಡೂ ಇವೆ. ಮದುವೆ, ಹಬ್ಬ, ಸಾವಿನ ವಿಧಿ, ಮನೆಜಗಳಗಳು ಯಜಮಾನನ ಮುಂದೆ ಬಂದರೆ, ಅರಣ್ಯ ಹಕ್ಕು, ಸಂಗ್ರಹ ಮತ್ತು ಕಾಡಿನ ರಕ್ಷಣೆಯ ವಿಷಯಗಳನ್ನು ಗ್ರಾಮಸಭೆ ನೋಡಿಕೊಳ್ಳುತ್ತದೆ. ಅರಣ್ಯ ಹಕ್ಕು ನಿಯಮಗಳ ಪ್ರಕಾರ ಗ್ರಾಮಸಭೆಗೆ ಹಾಜರಾದವರಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಅರಣ್ಯ ಹಕ್ಕು ಸಮಿತಿಯಲ್ಲಿಯೂ ಮಹಿಳೆಯರಿಗೆ ಮೂರನೆಯ ಒಂದು ಭಾಗದ ಸ್ಥಾನಗಳು ಮೀಸಲಾಗಿವೆ. ಹೀಗೆ ಕುಲಸಭೆಯಲ್ಲಿ ಹುದ್ದೆಯಿಲ್ಲದ ಹೆಂಗಸರು ಗ್ರಾಮಸಭೆಯಲ್ಲಿ ಹಕ್ಕಿನಿಂದ ಮಾತನಾಡುವಂತಾಗಿದೆ. ಜೇನು ಮತ್ತು ನೆಲ್ಲಿಕಾಯಿ ಸಂಗ್ರಹ ಹಕ್ಕಾಗಿ ಮರಳಿರುವ ಕಡೆಗಳಲ್ಲಿ, ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು ಎಂಬ ಹಳೆಯ ನಿಯಮಗಳೂ ಮತ್ತೆ ಬಳಕೆಗೆ ಬಂದಿವೆ.